ಸೈಕಲ್ಲಿನ ಹಿಂದೆ ಕಟ್ಟಿದ್ದ ಪೆಟ್ಟಿಗೆ

ಆಗಸ್ಟ್ 3

ಪ್ರೀತಿಯ ದೊಡ್ಡಪ್ಪನಿಗೆ,

ನಾನು ಇಲ್ಲಿಗೆ ಬಂದು ಮುಟ್ಟಿದೆ. ಬಸ್ಸಿನಲ್ಲಿ ಆರು ಗಂಟೆ, ಅದರಲ್ಲಿ ನಾಲ್ಕು ಗಂಟೆ ಯಾರದೋ ಎಲೆಕೋಸಿನ ಚೀಲ ನನ್ನ ತೊಡೆಯ ಮೇಲೆ. ಫೋನ್ ಮಾಡೋಣವೆಂದರೆ ಇಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಮಾತ್ರ. ಸಿಕ್ಕರೂ ನೀವು ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ಸ್ವಂತವಾಗಿ ಸೇರಿಸಿಕೊಳ್ಳುವವರು. ಅದಕ್ಕೇ ಪತ್ರ.

ನನಗೆ ಕೊಟ್ಟಿರುವ ಕೋಣೆ ತೂಕದ ಶೆಡ್ಡಿನ ಮೇಲಿದೆ. ಒಂದು ಮಂಚ, ಒಂದು ಮೇಜು, ಮುಚ್ಚಿದರೂ ಗಾಳಿ ಒಳಗೆ ಬಿಡುವ ಒಂದು ಕಿಟಕಿ. ಎದುರಿಗೇ ಹಿಟ್ಟಿನ ಗಿರಣಿ, ಅದರ ಮುಂದೆ ಕಲ್ಲಿನ ಬೆಂಚು. ಯಾರೂ ತೋರಿಸಬೇಕಾಗಲಿಲ್ಲ, ನಾನೇ ಗುರುತು ಹಿಡಿದೆ. ಇಪ್ಪತ್ತಾರು ವರ್ಷದ ಹಿಂದೆ ಇಲಾಖೆಯ ಸಮೀಕ್ಷೆಗೆ ಬಂದು ನೀವು ಕೂತಿದ್ದ ಬೆಂಚು! ನನಗೆ ತುತ್ತಿಡುವಾಗಲೆಲ್ಲ ನೀವು ಹೇಳುತ್ತಿದ್ದದ್ದು ಈ ಊರಿನ ಕಥೆಯನ್ನೇ ಅಲ್ಲವೇ? ಮೋರಿಯ ತಿರುವು, ಗಾಳಿ, ಗಿರಣಿ, ಸೈಕಲ್ಲು, ಅರವತ್ತು ಜೇನುಪೆಟ್ಟಿಗೆ. ಬೇರೆ ಮಕ್ಕಳು ರಾಜಕುಮಾರಿಯ ಕಥೆ ಕೇಳಿ ಬೆಳೆದರು, ನಾನು ಜೇನುಪೆಟ್ಟಿಗೆಯ ಕಥೆ ಕೇಳಿ ಬೆಳೆದೆ. ಕೃಷಿ ಇಲಾಖೆಗೆ ಸೇರಿದ್ದು ಯಾಕೆ ಅಂತ ಅಪ್ಪ ಈಗಲೂ ಕೇಳುತ್ತಾರೆ. ನಿಮ್ಮ ಅಣ್ಣನನ್ನೇ ಕೇಳಿ ಅನ್ನುತ್ತೇನೆ.

ಕೆಲಸ ಏನೆಂದರೆ, ಈ ಕಣಿವೆಯಲ್ಲಿ ರೈತರಿಗೆ ತರಬೇತಿ, ನೆರವು ಕೊಡುವ ಐದು ವರ್ಷದ ವಿಸ್ತರಣಾ ಕಾರ್ಯಕ್ರಮ ಶುರುವಾಗಲಿದೆ. ಅದನ್ನು ಯೋಜಿಸುವ ಮೊದಲು ರೈತರಿಗೆ ನಿಜವಾಗಿ ಏನು ಬೇಕೆಂದು ಕೇಳಿ ತಿಳಿದು ವರದಿ ಕೊಡಬೇಕು. ನೂರ ಹದಿನೆಂಟು ಮನೆ. ಸೆಪ್ಟೆಂಬರ್ ಮೂವತ್ತರೊಳಗೆ ವರದಿ ನಮ್ಮ ಕಚೇರಿಯ ಮುಖ್ಯಸ್ಥೆ ಮೇಡಂ ಮೇಜಿನ ಮೇಲಿರಬೇಕು. ನಾನು ಏನು ಬರೆಯುತ್ತೇನೋ ಅದೇ ಐದು ವರ್ಷ ಇವರ ಪಾಲಿಗೆ ಬರುತ್ತದೆ. ನನ್ನ ಮೊದಲ ಸಮೀಕ್ಷೆ. ಹೆದರಿಕೆಯಾಗುತ್ತಿದೆ ಅಂತ ಅಪ್ಪನಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಜನ ನಿಮ್ಮನ್ನು ಮರೆತಿಲ್ಲ. ಗಿರಣಿಯವರಿಗೆ ಈಗ ಎಪ್ಪತ್ತು ದಾಟಿದೆ. ನಾನು ಯಾರೆಂದು ಹೇಳಿದ ಕೂಡಲೇ, "ಓಹೋ, ಸೈಕಲ್ ಸಾಹೇಬ್ರ ತಮ್ಮನ ಮಗಳಾ!" ಅಂತ ಎದ್ದೇ ನಿಂತರು. ಆಮೇಲೆ ಹೆಂಡತಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಆಕೆ ಬಟ್ಟೆಯ ಚೂರೊಂದನ್ನು ಹಿಡಿದು ಗಡಿಬಿಡಿಯಲ್ಲಿ ಹಿತ್ತಲಿಗೆ ಓಡಿದರು. ಟೀ ಮಾಡಲು ಇರಬೇಕು ಅಂದುಕೊಂಡೆ. ಟೀ ಬರಲು ಅರ್ಧ ಗಂಟೆ ಹಿಡಿಯಿತು. ಆದರೆ ಚೆನ್ನಾಗಿತ್ತು.

ಆಗಿನ ನಿಮ್ಮ ಆ ಕಂದು ಬಣ್ಣದ ನೋಟ್‌ಬುಕ್ ಕಳಿಸುತ್ತೀರಾ? ನೀವು ಹೇಗೆ ಕೇಳಿದಿರಿ, ಹೇಗೆ ಬರೆದುಕೊಂಡಿರಿ ನೋಡಬೇಕು.

ನಿಮ್ಮ
ಪ್ರಶ್ನೆಪತ್ರಿಕೆ


ಆಗಸ್ಟ್ 11

ನನ್ನ ಪ್ರಶ್ನೆಪತ್ರಿಕೆಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ, ನಿನ್ನ ದೊಡ್ಡಮ್ಮ ನನಗಿಂತ ಸ್ವಲ್ಪ ಹೆಚ್ಚು ಚೆನ್ನಾಗಿದ್ದಾಳೆ. ಮೂರು ವರ್ಷದವಳಿದ್ದಾಗ "ಯಾಕೆ? ಯಾಕೆ?" ಅಂತ ನನ್ನ ತಲೆ ತಿಂದವಳಿಗೆ ನಾನಿಟ್ಟ ಹೆಸರನ್ನು ನೀನು ಇನ್ನೂ ಪತ್ರದ ಕೆಳಗೆ ಬರೆದುಕೊಳ್ಳುತ್ತೀಯಲ್ಲ, ಅದನ್ನು ನೋಡಿಯೇ ನನ್ನ ಹೊಟ್ಟೆ ತುಂಬಿತು.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಆ ಬೆಂಚು ಇನ್ನೂ ಇದೆಯೇ! ಬೆಳಗಿನ ಹೊತ್ತು ತಣ್ಣಗೆ, ಮಧ್ಯಾಹ್ನ ಕೂತರೆ ಸುಡುತ್ತಿತ್ತು. ಹದಿನೇಳು ದಿನ ನಾನು ಆ ಊರಿನಲ್ಲಿದ್ದೆ. ಗಿರಣಿಯ ಹಿಟ್ಟು ಕೂದಲಿಗೆ ಕೂತು ಮೂವತ್ತೈದಕ್ಕೇ ಮುದುಕನಂತೆ ಕಾಣುತ್ತಿದ್ದೆ. ಮೋರಿಯ ತಿರುವಿಗೆ ಬಂದರೆ ಎದುರುಗಾಳಿಗೆ ಸೈಕಲ್ ತುಳಿಯಲು ಆಗುತ್ತಿರಲಿಲ್ಲ, ಇಳಿದು ತಳ್ಳುತ್ತಿದ್ದೆ. ಹಿಂದಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದ ಮಾದರಿ ಜೇನುಪೆಟ್ಟಿಗೆ. ಇಲಾಖೆಗೆ ಹೊಸದಾಗಿ ಬಂದಿತ್ತು, ನನಗಂತೂ ಅದರ ಮೇಲೆ ಪ್ರಾಣ. ಮಕ್ಕಳು ಹಿಂದೆ ಓಡಿ ಬರುವವು. ನಿನ್ನ ದೊಡ್ಡಮ್ಮ ಬರೆದ ಕಾಗದವನ್ನು ಆ ಬೆಂಚಿನ ಮೇಲೆ ಕೂತೇ ಓದಿದ್ದೆ, ಎರಡು ಹಾಳೆ, ಎರಡೂ ಬದಿ. ಈಗ ಒಂದೇ ಕೋಣೆಯಲ್ಲಿ ಕೂತು "ಕನ್ನಡಕ ಎಲ್ಲಿ?" ಅನ್ನುವುದಷ್ಟೇ ನಮ್ಮ ಮಾತುಕತೆ.

ಜನರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ, ನಿಮಗೆ ಏನು ಬೇಕು ಅಂತ. ಒಬ್ಬರಾದ ಮೇಲೊಬ್ಬರು ಜೇನು ಅಂದರು. ಅರವತ್ತು ಮನೆ, ಒಂದೇ ದನಿ. ಇಲಾಖೆ ಮನೆಗೊಂದು ಪೆಟ್ಟಿಗೆ ಕೊಟ್ಟಿತು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಕೆಲಸದಲ್ಲೂ ಸಿಗಲಿಲ್ಲ. ತರಬೇತಿ ಕೇಂದ್ರದಲ್ಲಿ ಇಪ್ಪತ್ತು ವರ್ಷ ಹೊಸ ಹುಡುಗ ಹುಡುಗಿಯರಿಗೆ ಅದನ್ನೇ ಪಾಠ ಮಾಡಿದೆ. 'ಮೊದಲು ಕೇಳಿ, ಆಮೇಲೆ ಕೊಡಿ' ಅಂತ.

ನಿನಗೂ ಅದನ್ನೇ ಹೇಳುತ್ತೇನೆ. ಪೆನ್ನು ಮೊದಲು ತೆಗೆಯಬೇಡ. ಕೊಟ್ಟದ್ದನ್ನು ಕುಡಿ. ಸುಮ್ಮನೆ ಆ ಬೆಂಚಿನ ಮೇಲೆ ಕೂತುಬಿಡು, ಊರೇ ನಿನ್ನ ಹತ್ತಿರ ಬರುತ್ತದೆ.

ಪೆಟ್ಟಿಗೆಗಳು ಹೇಗಿವೆ? ಇಷ್ಟು ವರ್ಷವಾಯಿತು, ಎಲ್ಲ ಉಳಿದಿರಲಾರವು. ಕಣ್ಣಿಗೆ ಬಿದ್ದರೆ ಬರೆ. ಬೀಳದಿದ್ದರೂ ಅಡ್ಡಿಯಿಲ್ಲ, ಹುಡುಕಿಕೊಂಡು ಹೋಗಬೇಡ.

ದೊಡ್ಡಪ್ಪ


ಆಗಸ್ಟ್ 20

ಪ್ರೀತಿಯ ದೊಡ್ಡಪ್ಪನಿಗೆ,

ನಿಮ್ಮ ಬೆಂಚು ಮಾಯದ ಬೆಂಚು! ಕೂತೆ, ಊರು ಬಂತು. ಎಪ್ಪತ್ತೊಂದು ಮನೆ ಮುಗಿಯಿತು. ದಿನಕ್ಕೆ ಏಳೆಂಟು ಟೀ ಕುಡಿದು ನನಗೆ ನಿದ್ದೆಯೇ ಬರುತ್ತಿಲ್ಲ, ಆದರೂ ಖುಷಿ.

ಈಗ ಕೇಳಿ. ಎಪ್ಪತ್ತೊಂದರಲ್ಲಿ ಅರವತ್ತೊಂಬತ್ತು ಮನೆಯವರು ಪಾಲಿಹೌಸ್ ಬೇಕು ಅಂದಿದ್ದಾರೆ. ಪ್ಲಾಸ್ಟಿಕ್ ಹಾಳೆ ಹೊದಿಸಿ ಒಳಗೆ ಬೆಳೆ ತೆಗೆಯುವುದಲ್ಲ, ಇಲ್ಲಿನವರು ಅದಕ್ಕೆ 'ಪ್ಲಾಸ್ಟಿಕ್ ಮನೆ' ಅನ್ನುತ್ತಾರೆ. ಉಳಿದಿಬ್ಬರಲ್ಲಿ ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ, ಇನ್ನೊಬ್ಬರು ನನಗೆ ಮದುವೆಯಾಗಿದೆಯೇ ಅಂತ ಮಾತ್ರ ವಿಚಾರಿಸಿ ಎದ್ದುಹೋದರು. ಮೇಡಂಗೂ ಪಾಲಿಹೌಸ್ ಅಂದರೆ ತುಂಬಾ ಒಲವು, ಅದಕ್ಕೇ ಈ ಸಲ ಫಾರಂ ಎಷ್ಟು ಚೆನ್ನಾಗಿ ಮಾಡಿಸಿದ್ದಾರೆ ಗೊತ್ತೇ? ದಪ್ಪ ಕಾಗದ, ಮುಖಪುಟದ ಮೇಲೆ ಪಾಲಿಹೌಸಿನ ಮುಂದೆ ನಗುತ್ತಾ ನಿಂತ ರೈತನ ಬಣ್ಣದ ಚಿತ್ರ. ನಿಮ್ಮ ಕಾಲದ ಮಸಿ ಅಂಟುವ ಹಾಳೆಗಳಲ್ಲ! ಟ್ಯಾಂಕು ಹತ್ತಿ ಮೇಡಂಗೆ ಫೋನಿನಲ್ಲಿ ಲೆಕ್ಕ ಹೇಳಿದೆ. "ಭೇಷ್!" ಅಂದರು. ನಿಮ್ಮ ಅರವತ್ತಕ್ಕೆ ನನ್ನ ಅರವತ್ತೊಂಬತ್ತು. ಒಂದು ಕೈ ಮೇಲೇ ಆದೆ.

ಪೆಟ್ಟಿಗೆಯ ವಿಷಯ ಕೇಳಿದ್ದಿರಿ. ಗಿರಣಿಯವರ ಹಿತ್ತಲಲ್ಲಿ ಒಂದನ್ನು ನೋಡಿದೆ. ಮರ ಇನ್ನೂ ಗಟ್ಟಿಯಾಗಿದೆ, ಮೂಲೆಗಳೂ ಬಿಟ್ಟಿಲ್ಲ. ಒಳ್ಳೆಯ ಉಪಯೋಗದಲ್ಲಿದೆ. ಒಳಗೆ ಬೆಚ್ಚಗಿದೆ. ಉಳಿದವನ್ನು ಪುರುಸೊತ್ತಿನಲ್ಲಿ ನೋಡಿ ಬರೆಯುತ್ತೇನೆ.

ನೋಟ್‌ಬುಕ್ ವಿಷಯ ನೀವು ಎತ್ತಲೇ ಇಲ್ಲ. ಮರೆತಿರಾ?

ನಿಮ್ಮ
ಪ್ರಶ್ನೆಪತ್ರಿಕೆ


ಆಗಸ್ಟ್ 28

ಪ್ರಶ್ನೆಪತ್ರಿಕೆಗೆ,

ನೋಟ್‌ಬುಕ್ ಸಿಗುತ್ತಿಲ್ಲ. ಮನೆ ಬಣ್ಣ ಹೊಡೆಸಿದಾಗ ಎಲ್ಲಿಗೋ ಹೋಗಿರಬೇಕು.

ಜೇನುಪೆಟ್ಟಿಗೆಯ ಬಗ್ಗೆ 'ಬೆಚ್ಚಗಿದೆ' ಅಂದವರಲ್ಲಿ ನೀನೇ ಮೊದಲಿಗಳು. ಇರಲಿ.

ಅರವತ್ತೊಂಬತ್ತು ಮನೆ ಒಂದೇ ಮಾತು ಹೇಳಿತು ಅಂದೆ. ಇಲ್ಲಿ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅನ್ನುವುದರಲ್ಲಿ ನಾವಿಬ್ಬರು ಒಂದು ಮಾತಿಗೆ ಬರಲು ಮೂವತ್ತು ವರ್ಷ ಸಾಲಲಿಲ್ಲ. ಆ ಊರಿನ ಗಾಳಿಯ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ, ನಿನ್ನ ಕೋಣೆಯ ಕಿಟಕಿಯೇ ಹೇಳುತ್ತದೆ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಯೋಚಿಸಿ ಉತ್ತರ ಕೊಡು. ಅವರನ್ನು ಕೇಳುವಾಗ ನಿನ್ನ ಕೈಯಲ್ಲಿ ಏನಿತ್ತು?

ದೊಡ್ಡಪ್ಪ

(ಅಂಚಿನಲ್ಲಿ, ದುಂಡು ಅಕ್ಷರದಲ್ಲಿ: ಕೂಸೇ, ನೋಟ್‌ಬುಕ್ ಎಲ್ಲೂ ಹೋಗಿಲ್ಲ. ಟ್ರಂಕಿನಲ್ಲಿ ಹಾಸಿಗೆ ಹೊದಿಕೆಯ ಕೆಳಗೆ ಇಪ್ಪತ್ತಾರು ವರ್ಷದಿಂದ ಅಲ್ಲೇ ಇದೆ. ಮೊನ್ನೆ ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟರು. ಯಾಕೆ ಹೀಗೆ ಹೇಳುತ್ತಿದ್ದಾರೋ ನಾನರಿಯೆ. ಹೊತ್ತಿಗೆ ಸರಿಯಾಗಿ ಊಟ ಮಾಡು. — ದೊಡ್ಡಮ್ಮ)


ಸೆಪ್ಟೆಂಬರ್ 5

ದೊಡ್ಡಪ್ಪನಿಗೆ,

ಕೈಯಲ್ಲಿ ಫಾರಂ ಇತ್ತು, ಪೆನ್ನಿತ್ತು, ಟೀ ಲೋಟ ಇತ್ತು. ಮತ್ತೇನಿರಬೇಕಿತ್ತು?

ನಿಮ್ಮ ಪತ್ರ ಓದಿ ಬೇಜಾರಾಯಿತು, ಹೇಳಿಬಿಡುತ್ತೇನೆ. ಅರವತ್ತು ಮನೆಯವರು ಜೇನು ಬೇಕೆಂದರೆ ಅದು ಊರಿನ ದನಿ, ಅರವತ್ತೊಂಬತ್ತು ಮನೆಯವರು ಪಾಲಿಹೌಸ್ ಬೇಕೆಂದರೆ ಅನುಮಾನವೇ? ಹೊಸದೆಂದರೆ ನಿಮಗೆ ಯಾವತ್ತೂ ಅಷ್ಟಕ್ಕಷ್ಟೆ. ಮಿಕ್ಸಿ ತಂದಾಗಲೂ ಒಂದು ವಾರ ಅದನ್ನು ದೂರದಿಂದಲೇ ನೋಡಿದವರು ನೀವು. ಈಗ ನೂರ ನಾಲ್ಕು ಮನೆ ಆಗಿದೆ, ನೂರೊಂದು ಮನೆ ಪಾಲಿಹೌಸ್. ಕೆಳಸಾಲಿನ ಹದಿನಾಲ್ಕು ಮನೆ ಮಾತ್ರ ಬಾಕಿ. ಅವರು ಬೆಂಚಿಗೆ ಬರುವುದಿಲ್ಲ, ನಾನೇ ಇಳಿದು ಹೋಗಬೇಕು. ಇನ್ನೊಂದು ವಾರದಲ್ಲಿ ಮುಗಿಸಿ ವರದಿ ಬರೆಯಲು ಕೂರುತ್ತೇನೆ.

ನೋಟ್‌ಬುಕ್ ಎಲ್ಲಿಟ್ಟಿದ್ದೀರೆಂದು ಮರೆತಿದ್ದೀರಿ ಅಷ್ಟೆ, ದೊಡ್ಡಮ್ಮನನ್ನು ಕೇಳಿ. ಮರೆವು ಜಾಸ್ತಿಯಾಗಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆಪತ್ರಿಕೆ


ಸೆಪ್ಟೆಂಬರ್ 14

ಪ್ರೀತಿಯ ದೊಡ್ಡಪ್ಪನಿಗೆ,

ಒಂಬತ್ತು ದಿನವಾಯಿತು, ನಿಮ್ಮ ಪತ್ರವಿಲ್ಲ. ಅಂಚೆಯಣ್ಣ ನನ್ನನ್ನು ಕಂಡರೆ ಈಗ ದೂರದಿಂದಲೇ 'ಇಲ್ಲ' ಅಂತ ಕೈ ಆಡಿಸಿಬಿಡುತ್ತಾರೆ. ಕಳೆದ ಪತ್ರದಲ್ಲಿ ನಾಲಿಗೆ ಉದ್ದ ಮಾಡಿದೆ. ತಪ್ಪಾಯಿತು. ಬೈದಾದರೂ ಬರೆಯಿರಿ.

ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದನ್ನು ಬರೆಯಲು ಮೂರು ದಿನದಿಂದ ಹಾಳೆ ಹರಿಯುತ್ತಿದ್ದೇನೆ.

ಮಂಗಳವಾರ ಕೆಳಸಾಲಿಗೆ ಇಳಿಯುತ್ತಿದ್ದೆ. ಗಾಳಿ ಹೇಗಿತ್ತೆಂದರೆ ಕಂಕುಳಲ್ಲಿದ್ದ ಫಾರಂ ಕಟ್ಟಿನ ಮುಖಪುಟಗಳನ್ನು ಪರಪರನೆ ಕಿತ್ತು ಹೊಲದ ಮೇಲೆ ಹಾರಿಸಿಕೊಂಡು ಹೋಯಿತು. ಉಳಿದ ಬರೀ ಹಾಳೆ ಹಿಡಿದುಕೊಂಡೇ ಕೊನೆಯ ಮನೆಗೆ ಹೋದೆ. ಅಲ್ಲೊಬ್ಬ ಅಜ್ಜಿ ಒಬ್ಬರೇ ಕೂತು ಜೋಳದ ತೆನೆ ಬಿಡಿಸುತ್ತಿದ್ದರು. ಏನು ಬೇಕು ಅಂತ ಕೇಳಿದೆ. ಅಜ್ಜಿ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು, ತಿರುಗಿಸಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಚಿತ್ರ ಎಲ್ಲಮ್ಮ? ಚಿತ್ರ ಇಲ್ದೆ ಏನ್ ಹೇಳ್ಬೇಕು ಅಂತ ಹೇಗೆ ಗೊತ್ತಾಗತ್ತೆ?"

"ಚಿತ್ರ ಯಾಕಜ್ಜಿ? ನಿಮಗೆ ಬೇಕಾದ್ದು ಹೇಳಿ."

"ನಮ್ಗೆ ಬೇಕಾದ್ದು ನಿಮ್ಹತ್ರ ಇರಲ್ಲ. ಇಷ್ಟು ದೂರ ಬಿಸಿಲಲ್ಲಿ ಬಂದಿರ್ತೀರ. ಇಲ್ಲದ್ದನ್ನ ಕೇಳಿ ನಿಮ್ಮ ಮುಖ ಬಾಡಿಸೋದು ಚೆನ್ನಾಗಿರತ್ತಾ? ಅದಕ್ಕೆ ನೀವು ತಂದಿರೋದನ್ನೇ ಕೇಳ್ತೀವಿ."

"ಹಾಗಾದ್ರೆ ಪ್ಲಾಸ್ಟಿಕ್ ಮನೆ ಬೇಡ್ವಾ?"

ಅಜ್ಜಿ ನಕ್ಕ ನಗು ಕೇಳಬೇಕಿತ್ತು. "ನಮ್ಮೂರ ಗಾಳೀಲಿ ಹಗ್ಗದ ಮೇಲಿನ ಸೀರೇನೇ ನಿಲ್ಲಲ್ಲ ತಾಯಿ."

ಆಮೇಲೆ ನಿಮ್ಮ ಮಾತು ಬಂತು. "ಸೈಕಲ್ ಸಾಹೇಬ್ರು ಬಂದಾಗ್ಲೂ ಹೀಗೇ. ಹಿಂದೆ ಪೆಟ್ಟಿಗೆ ಕಟ್ಕೊಂಡು, ಬೆವರು ಸುರಿಸ್ಕೊಂಡು ಬಂದಿದ್ರು, ಪಾಪ. ಊರವರೆಲ್ಲ ಪೆಟ್ಟಿಗೇನೇ ಬೇಕು ಅಂದ್ರು. ಎಷ್ಟ್ ಖುಷಿಯಾದ್ರು ಗೊತ್ತಾ? ಮಗು ಥರ."

ದೊಡ್ಡಪ್ಪ, ಇನ್ನು ಮುಚ್ಚಿಡುವುದಿಲ್ಲ. ಗಿರಣಿಯವರ ಹಿತ್ತಲ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿದೆ. ಬೆಚ್ಚಗಿದೆ ಅಂದದ್ದು ಅದಕ್ಕೆ. ಜೇನುಹುಳ ಎರಡನೇ ವರ್ಷಕ್ಕೇ ಗಾಳಿಗೆ ಹಾರಿ ಹೋದವಂತೆ. ನಿಮಗೆ ನೋವಾಗುತ್ತದೆಂದು ನಾನು ಬರೆಯಲಿಲ್ಲ.

ಆದರೆ ಪೂರ್ತಿ ಕೇಳಿ. ಅಜ್ಜಿಯ ಮನೆಯ ಮೂಲೆಯಲ್ಲೂ ಒಂದು ಪೆಟ್ಟಿಗೆ ಇತ್ತು, ನಾಲ್ಕು ಕಲ್ಲಿನ ಮೇಲೆ. ಮುಚ್ಚಳ ತೆಗೆದು ತೋರಿಸಿದರು. ಒಳಗೆ ಮುಂದಿನ ಬಿತ್ತನೆಗೆ ಎತ್ತಿಟ್ಟ ಜೋಳದ ಬೀಜ, ಬೂದಿ ಬೆರೆಸಿ. ಜೇನು ಹೋಗಿ ಬರುವ ಸಂದಿಯನ್ನು ಮೇಣ, ಮಣ್ಣು ಮೆತ್ತಿ ಮುಚ್ಚಿದ್ದಾರೆ. ಇಲಿ ಬರುವುದಿಲ್ಲ, ತೇವ ಬರುವುದಿಲ್ಲ. "ಒಂದು ಪೆಟ್ಟಿಗೇಲಿ ಎಷ್ಟು ಹಿಡಿಸತ್ತೆ ಹೇಳು? ಉಳಿದಿದ್ದು ಗೋಣಿಚೀಲದಲ್ಲಿ. ಬಿತ್ತೋ ಹೊತ್ತಿಗೆ ಅರ್ಧ ಹುಳ ತಿಂದು ಹುಡಿ. ಆಮೇಲೆ ಪೇಟೆ ಬೀಜ ತಂದು ಬಿತ್ತಬೇಕು, ಅದು ಈ ಗಾಳಿಗೆ ಮಲಗಿಬಿಡತ್ತೆ."

"ಇದನ್ನ ಯಾರೂ ಬೆಂಚಲ್ಲಿ ಹೇಳ್ಲಿಲ್ವಲ್ಲ ಅಜ್ಜಿ?"

"ಬೆಂಚಲ್ಲಿ ಕೂರೋರು ಗಂಡಸರು. ಬೀಜ ಎತ್ತಿಡೋರು ನಾವು."

ಆಮೇಲೆ ಮೂರು ದಿನ ಫಾರಂ ಕೋಣೆಯಲ್ಲೇ ಬಿಟ್ಟು ಮನೆಮನೆಯ ಅಡುಗೆಮನೆಗೆ ಹೋದೆ. ಏನು ಬೇಕು ಅಂತ ಯಾರನ್ನೂ ಕೇಳಲಿಲ್ಲ, 'ಸೈಕಲ್ ಸಾಹೇಬರ ಪೆಟ್ಟಿಗೆ ಎಲ್ಲಿದೆ?' ಅಂತಷ್ಟೇ ಕೇಳಿದೆ. ನಲವತ್ತೇಳು ಸಿಕ್ಕವು. ಆರರಲ್ಲಿ ಕೋಳಿ. ಎಂಟು ಕೂರಲಿಕ್ಕೆ, ಸಾಮಾನಿಡಲಿಕ್ಕೆ. ಉಳಿದ ಮೂವತ್ತಮೂರರಲ್ಲೂ ಬೀಜ! ಒಬ್ಬರಿಗೊಬ್ಬರು ಹೇಳಿಕೊಡದೆಯೇ ಮೂವತ್ತಮೂರು ಹೆಂಗಸರು ಮಾಡಿದ್ದು ಒಂದೇ ಕೆಲಸ. ಇವರಿಗೆ ಬೇಕಾದ್ದು ಬೀಜ ಕೆಡದೆ ಇಡುವ ಜಾಗ, ಅದನ್ನು ಕಾಯುವ ವಿದ್ಯೆ.

ಈಗ ಕಷ್ಟ ಏನೆಂದರೆ, ನಾನೇ ಕೈಯಾರೆ ಬರೆದ ನೂರೊಂದು ಫಾರಂ ಪಾಲಿಹೌಸ್ ಅನ್ನುತ್ತವೆ. ಮೇಡಂ ಆಗಲೇ ಮೇಲಿನವರಿಗೆ ಹೇಳಿಯಾಗಿದೆ. ಅವು ತಪ್ಪು ಅಂತ ನಾನು ಬರೆಯಬೇಕಾದರೆ ಯಾಕೆ ತಪ್ಪು ಅಂತ ತೋರಿಸಬೇಕು. ತೋರಿಸಲು ನನ್ನ ಬಳಿ ಇರುವ ಸಾಕ್ಷಿ ಒಂದೇ, ಆ ಅರವತ್ತು ಪೆಟ್ಟಿಗೆಗಳ ಕಥೆ. ನಿಮ್ಮ ಹೆಸರಿಲ್ಲದೆ ಅದನ್ನು ಬರೆಯಲು ಬರುವುದಿಲ್ಲ. ನಿಮ್ಮ ಪಾಠ ಕೇಳಿದವರೇ ಈಗ ಕಚೇರಿಯ ತುಂಬ ಇದ್ದಾರೆ, ಮೇಡಂ ಕೂಡ.

ನೀವು ಬೇಡವೆಂದರೆ ಬರೆಯುವುದಿಲ್ಲ, ದೊಡ್ಡಪ್ಪ. ಸತ್ಯವಾಗಿಯೂ ಬರೆಯುವುದಿಲ್ಲ. ಹದಿನಾರು ದಿನ ಉಳಿದಿದೆ.

ನಿಮ್ಮ
ಪ್ರಶ್ನೆಪತ್ರಿಕೆ


ಸೆಪ್ಟೆಂಬರ್ 21

ನನ್ನ ಕಂದಾ,

ಬರೆ. ನನ್ನ ಹೆಸರನ್ನು ಹುದ್ದೆಯ ಸಮೇತ ಪೂರ್ತಿ ಬರೆ.

ಇಷ್ಟು ದಿನ ಸುಮ್ಮನಿದ್ದದ್ದು ಕೋಪದಿಂದಲ್ಲ, ನಾಚಿಕೆಯಿಂದ. 'ಅರವತ್ತು ಮನೆ ಹೇಳಿದರೆ ಊರಿನ ದನಿಯೇ?' ಅಂತ ನೀನು ಕೇಳಿದೆಯಲ್ಲ, ಅದು ಸರಿಯಾದ ಜಾಗಕ್ಕೇ ತಾಗಿತು. ಕೋಳಿಯ ವಿಷಯ ನನಗೆ ಹೊಸದಲ್ಲ ಮಗಳೇ.

ಪೆಟ್ಟಿಗೆ ಕೊಟ್ಟ ಮೂರನೇ ವರ್ಷ ನಾನೊಮ್ಮೆ ಅಲ್ಲಿಗೆ ಹೋಗಿದ್ದೆ. ಯಾರಿಗೂ ಹೇಳದೆ, ರಜೆ ಹಾಕಿ, ಹೊಸ ಅಂಗಿ ತೊಟ್ಟು. ಜೇನು ಹೇಗೆ ತುಂಬಿದೆ ನೋಡೋಣವೆಂದು. ಮೋರಿಯ ತಿರುವಿನಲ್ಲಿ ಬಸ್ಸಿಳಿದೆ. ಅಲ್ಲಿಂದ ಗಿರಣಿಯ ಹಿತ್ತಲು ಚೆನ್ನಾಗಿ ಕಾಣುತ್ತದೆ. ಪೆಟ್ಟಿಗೆಯ ಬಾಯಿಯಿಂದ ಒಂದು ಕೆಂಚು ಕೋಳಿ ಇಳಿದು ರೆಕ್ಕೆ ಕೊಡವಿಕೊಂಡು ಹೋಯಿತು. ಪಕ್ಕದ ಮನೆಯ ಪೆಟ್ಟಿಗೆಯ ಮೇಲೆ ಯಾರೋ ಕೂತು ಕಾಲಾಡಿಸುತ್ತಿದ್ದರು. ನಾನು ಊರಿಗೆ ಬೆನ್ನು ಹಾಕಿ ಅಲ್ಲೇ ನಿಂತೆ. ಅದೇ ಬಸ್ಸು ಮುಂದಿನ ಊರಿಗೆ ಹೋಗಿ ತಿರುಗಿ ಬರುವವರೆಗೂ ನಿಂತಿದ್ದು, ಹತ್ತಿ ಮನೆಗೆ ಬಂದೆ. ನಿನ್ನ ದೊಡ್ಡಮ್ಮನಿಗೆ ಕಚೇರಿ ಕೆಲಸ ಇತ್ತು ಅಂದೆ.

ಆಮೇಲೆ ಇಪ್ಪತ್ತು ವರ್ಷ ಆ ಪಾಠ ಹೇಳಿದೆ. ಮೊದಮೊದಲು ಹೇಳುವಾಗ ಕೋಳಿ ಕಣ್ಣ ಮುಂದೆ ಬರುತ್ತಿತ್ತು. ಹೇಳುತ್ತಾ ಹೇಳುತ್ತಾ ಬರುವುದು ನಿಂತಿತು. ನಿನಗೆ ತುತ್ತಿಡುವಾಗ ಹೇಳಿದ್ದು ಕೋಳಿಯಿಲ್ಲದ ಕಥೆಯನ್ನೇ. ನೀನು ಬಾಯಿ ತೆರೆದು ಕೇಳುತ್ತಿದ್ದೆ, ನನಗೂ ಅದೇ ನಿಜ ಅನ್ನಿಸುತ್ತಿತ್ತು.

ನೋಟ್‌ಬುಕ್ ಇದರ ಜೊತೆ ಕಳಿಸುತ್ತಿದ್ದೇನೆ. ಹದಿನಾಲ್ಕನೇ ದಿನದ ಪುಟ ನೋಡು. ಅವತ್ತು ನಾನೂ ಕೆಳಸಾಲಿಗೆ ಇಳಿದಿದ್ದೆ. ಕೊನೆಯ ಮನೆಯಲ್ಲಿ ಗಂಡಸರಿರಲಿಲ್ಲ. ಅರೆ ತೆರೆದ ಬಾಗಿಲ ಹಿಂದೆ ನಿಂತು ಒಬ್ಬ ಹೆಂಗಸು, "ಜೇನು ಗೀನು ಇರ್ಲಿ ಸ್ವಾಮಿ, ಬೀಜಕ್ಕೆ ಹುಳ ಬೀಳದ ಹಾಗೆ ಏನಾದ್ರೂ ದಾರಿ ಇದ್ರೆ ಹೇಳಿ" ಅಂದಳು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ: 'ಬೀಜ, ಹುಳ. ಫಾರಂನಲ್ಲಿ ಕಾಲಂ ಇಲ್ಲ.' ಕಾಲಂ ಇಲ್ಲವೆಂದು ವರದಿಗೆ ಸೇರಿಸಲಿಲ್ಲ. ಇಡೀ ಊರಿನಲ್ಲಿ ನನ್ನ ಮುಖ ನೋಡಿ ಮಾತಾಡದೆ ಇದ್ದವಳು ಅವಳೊಬ್ಬಳೇ, ಬಾಗಿಲು ಅಡ್ಡ ಇತ್ತಲ್ಲ. ನಿಜ ಹೇಳಿದವಳೂ ಅವಳೊಬ್ಬಳೇ. ನೀನು ಕಂಡ ಅಜ್ಜಿ ಅವಳೇ ಇರಬೇಕು.

ಕೇಳಲು ಹೋದವನು ಉತ್ತರವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿದ್ದೆ. ಹಾಗಂತ ಬರೆ. ಮೇಡಂ ನನ್ನ ಶಿಷ್ಯೆಯಾಗಿದ್ದರೆ ಅವರಿಗೂ ಇದು ಬಾಕಿ ಇದ್ದ ಪಾಠ ಅಂತ ಹೇಳು.

ಒಂದೇ ಸಂಕಟ. ಆ ಹದಿನೇಳು ದಿನವನ್ನು ನೆನೆದುಕೊಂಡೇ ಇಷ್ಟು ವರ್ಷ ಕಳೆದೆ. ಕೆಲಸದಲ್ಲಿ ಏನೇ ಬೇಸರವಾದರೂ, ಒಂದು ಊರು ನನ್ನನ್ನು ಕಂಡು ಸಂತೋಷಪಟ್ಟಿತ್ತು ಅಂದುಕೊಳ್ಳುತ್ತಿದ್ದೆ. ಈಗ ಅದನ್ನು ಎಲ್ಲಿಡಲಿ?

ದೊಡ್ಡಪ್ಪ


ಅಕ್ಟೋಬರ್ 4

ಪ್ರೀತಿಯ ದೊಡ್ಡಪ್ಪನಿಗೆ,

ಇಪ್ಪತ್ತೊಂಬತ್ತನೇ ತಾರೀಕು ಕಚೇರಿಗೆ ಹೋಗಿ ವರದಿಯನ್ನು ಕೈಯಲ್ಲೇ ಕೊಟ್ಟೆ. ಮೇಡಂ ನನ್ನ ಎದುರಿಗೇ ಓದಿದರು. ಮೊದಲು ಸಿಟ್ಟಾದರು, ಎರಡು ತಿಂಗಳು ಏನ್ ಮಾಡ್ತಿದ್ರಿ ಅಂದರು. ನಾನು ನಿಮ್ಮ ನೋಟ್‌ಬುಕ್ಕಿನ ಆ ಪುಟವನ್ನು ತೆರೆದು ಮುಂದಿಟ್ಟೆ. ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು ಅವರಿಗೆ. ಆಮೇಲೆ ಮೇಜಿನ ಮೇಲಿದ್ದ ಹೊಸ ಫಾರಂ ಒಂದರ ಮುಖಪುಟ ಕಿತ್ತು, "ಮುಂದಿನ ಕಣಿವೆಗೆ ಬರೀ ಹಾಳೇನೇ ತಗೊಂಡ್ಹೋಗಿ" ಅಂದರು. ಮೊದಲ ವರ್ಷ ಕೆಳಸಾಲಿನಲ್ಲಿ ಬೀಜದ ಕಣಜ, ಕಲಿಸುವುದೂ ಕಲಿಯುವುದೂ ಹೆಂಗಸರ ಅಡುಗೆ ಕೆಲಸ ಮುಗಿದ ಮೇಲೆ. ಪಾಲಿಹೌಸ್ ಸದ್ಯಕ್ಕೆ ಪಕ್ಕಕ್ಕೆ. ಹೇಳಿಕೊಡುವವರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಅಜ್ಜಿಯದು. ಸುದ್ದಿ ಹೇಳಿದರೆ, "ನಂಗೇನ್ ಗೊತ್ತು ಮಣ್ಣು" ಅಂದರು, ಆದರೆ ಅವತ್ತೇ ಪೆಟ್ಟಿಗೆ ಹೊರಗೆ ತಂದು ತೊಳೆದರು. ಬಾಗಿಲ ಹಿಂದೆ ನಿಂತಿದ್ದವರು ಅವರೇ ಹೌದು.

ಈಗ ನಿಮ್ಮ ಅಪ್ಪಣೆಯಿಲ್ಲದೆ ಮಾಡಿದ ಒಂದು ಕೆಲಸ. ನಿಮ್ಮ ಪತ್ರದಲ್ಲಿ ನೀವು ಮೋರಿಯ ತಿರುವಿನಲ್ಲಿ ನಿಂತ ಭಾಗವನ್ನು ಗಿರಣಿಯವರಿಗೂ ಅವರ ಹೆಂಡತಿಗೂ ಓದಿ ಹೇಳಿದೆ. ಬೆಂಚಿನ ಮೇಲೆ ಕೂತೇ. ಅವರು ಆಶ್ಚರ್ಯಪಡುತ್ತಾರೆ ಅಂದುಕೊಂಡಿದ್ದೆ.

"ಅದು ನಮ್ಗೆ ಗೊತ್ತಿತ್ತಲ್ಲಮ್ಮ" ಅಂದರು ಗಿರಣಿಯವರು.

"ಏನ್ ಗೊತ್ತಿತ್ತು?"

"ಸಾಹೇಬ್ರು ತಿರುವಲ್ಲಿ ನಿಂತಿದ್ದು. ಹೊಸ ಅಂಗಿ ಹಾಕಿದ್ರು. ನಾನೇ ಮೊದ್ಲು ನೋಡಿದ್ದು. ಓಡಿ ಬಂದು ಇವಳಿಗೆ ಹೇಳ್ದೆ."

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಊರೆಲ್ಲ ಓಡಾಡ್ಬಿಟ್ವಿ ಕಣಮ್ಮ. ಕೋಳಿ ಎಬ್ಬಿಸಿ, ಹುಲ್ಲು ತೆಗ್ದು, ಪೆಟ್ಟಿಗೆ ಒರೆಸಿ ಸಾಲಾಗಿ ಇಟ್ವಿ. ಜೇನು ಈಗಷ್ಟೇ ಹಾರಿಹೋಯ್ತು ಅಂತ ಹೇಳೋಣ ಅಂತ ಮಾತಾಡ್ಕೊಂಡ್ವಿ. ಟೀಗೂ ಇಟ್ಟಿದ್ದೆ. ಹೊರಗೆ ಬಂದು ನೋಡಿದ್ರೆ ತಿರುವಲ್ಲಿ ಯಾರೂ ಇಲ್ಲ. ಅವತ್ತಿಂದ ನಿಮ್ಮ ಕಚೇರಿಯೋರು ಯಾರು ಬಂದ್ರೂ ಮೊದ್ಲು ಕೋಳಿ ಎಬ್ಬಿಸ್ತೀವಿ. ಸಾಹೇಬ್ರಿಗೆ ಸುದ್ದಿ ಮುಟ್ಟಿದ್ರೆ ನೊಂದ್ಕೋತಾರೆ ಅಂತ."

ನಾನು ಬಂದ ಮೊದಲ ದಿನ ಟೀ ತಡವಾದದ್ದು ಯಾಕೆಂದು ಆಗ ತಿಳಿಯಿತು. ಅಲ್ಲೇ ಅತ್ತುಬಿಟ್ಟೆ ದೊಡ್ಡಪ್ಪ. ಗಿರಣಿಯವರು ಗಾಬರಿಯಾಗಿ ನೀರು ತಂದರು.

ಎಲ್ಲಿಡಲಿ ಅಂತ ಕೇಳಿದ್ದೀರಿ. ಎಲ್ಲಿತ್ತೋ ಅಲ್ಲೇ ಇರಲಿ. ಜೇನು ಬೇಕು ಅಂದದ್ದು ಸುಳ್ಳು, ನಿಮ್ಮನ್ನು ಕಂಡು ಖುಷಿಪಟ್ಟದ್ದು ಸುಳ್ಳಲ್ಲ. ಬೇಕಿಲ್ಲದ ಪೆಟ್ಟಿಗೆಯನ್ನು ಇಪ್ಪತ್ತಮೂರು ವರ್ಷ ಯಾರಾದರೂ ಒರೆಸಿ ಇಡುತ್ತಾರೆಯೇ?

ನಾನು ಇನ್ನೂ ಒಂದು ತಿಂಗಳು ಇಲ್ಲಿರುತ್ತೇನೆ. ಬರುತ್ತೀರಾ?

ನಿಮ್ಮ
ಪ್ರಶ್ನೆಪತ್ರಿಕೆ


ಅಕ್ಟೋಬರ್ 10

ನನ್ನ ಪ್ರಶ್ನೆಪತ್ರಿಕೆಗೆ,

ನಿನ್ನ ಪತ್ರವನ್ನು ದೊಡ್ಡಮ್ಮನಿಗೆ ಗಟ್ಟಿಯಾಗಿ ಓದಿ ಹೇಳಲು ಹೋಗಿ ಅರ್ಧದಲ್ಲಿ ನಿಲ್ಲಿಸಿದೆ. ಉಳಿದದ್ದನ್ನು ಅವಳೇ ಓದಿ ನನಗೆ ಹೇಳಿದಳು. ಇಪ್ಪತ್ತಮೂರು ವರ್ಷದ ಹಿಂದಿನ ಆ ಕಚೇರಿ ಕೆಲಸ ಯಾವುದೆಂದು ಈಗ ಅವಳಿಗೂ ಗೊತ್ತಾಯಿತು. ಬೈದಳು, ಆಮೇಲೆ ಹೊಸ ಅಂಗಿ ಇಸ್ತ್ರಿ ಮಾಡಲು ಕೂತಳು.

ಬುಧವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ನೀನು ಬಸ್ ನಿಲ್ದಾಣಕ್ಕೆ ಬರುವುದು ಬೇಡ. ನಾನು ಮೋರಿಯ ತಿರುವಿನಲ್ಲೇ ಇಳಿದು ನಡೆದು ಬರುತ್ತೇನೆ. ಈ ಸಲ ಕೈಯಲ್ಲಿ ಏನೂ ಇರುವುದಿಲ್ಲ. ಚೀಲ ಎಲ್ಲ ದೊಡ್ಡಮ್ಮನದು. ಮೊದಲು ಕೆಳಸಾಲಿನ ಕೊನೆಯ ಮನೆಗೆ ಹೋಗಬೇಕು, ಆ ತಾಯಿಗೆ ಹೇಳಬೇಕಾದ ಒಂದು ಮಾತು ಬಾಕಿಯಿದೆ.

ಗಿರಣಿಯವರ ಮನೆಯಲ್ಲಿ ಟೀಗೆ ಇಡಲು ಹೇಳು. ಕೋಳಿಯನ್ನು ಮಾತ್ರ ಎಬ್ಬಿಸಬೇಡಿ ಅಂತ ಈಗಲೇ ಹೇಳಿಬಿಡು.

ದೊಡ್ಡಪ್ಪ